ಕಪ್ಪಿಗಾಡಿಯ ಹರಕೆ

ದನಗಳನ್ನೆಲ್ಲ ಕೊಟ್ಟ ಮೇಲೂ ನಮ್ಮ ಕೊಟ್ಟಿಗೆಯಲ್ಲಿ ಒಂದು ಕಾರು ಉಳಿದಿತ್ತು. ಅದರ ಮೇಲೆ ಜೋಳದ ಕಣಿಕೆ, ಗೋಣಿಚೀಲ, ಕಾಲು ಮುರಿದ ತೊಟ್ಟಿಲು, ಹೀಗೆ ಮನೆಗೆ ಬೇಡವಾದದ್ದೆಲ್ಲ ಒಂದೊಂದಾಗಿ ಬಂದು ಕೂತಿತ್ತು. ಬೆಳಗ್ಗೆ ಒಲೆಗೆ ಕುಳ್ಳು ತರಲು ನಾನು ಒಳಗೆ ಹೋದರೆ ಗೋಣಿಯ ಸಂದಿನಿಂದ ಅದರ ಎರಡು ದುಂಡನೆಯ ದೀಪಗಳು ನನ್ನನ್ನೇ ನೋಡುತ್ತಿದ್ದವು. ನಾನೂ ಒಮ್ಮೆ ನೋಡಿ, ಅದರ ಬಾಗಿಲಿಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡು ಬರುತ್ತಿದ್ದೆ. ದೇವರ ಮನೆಯಲ್ಲಿ ಪೂಜೆ ಮುಗಿಸಿದ ಮೇಲೆ ಆ ದಿನ ನನಗೆ ಸಿಕ್ಕ ಸಣ್ಣಪುಟ್ಟ ಉಪಕಾರಗಳನ್ನು ನೆನೆಯುವುದು ನನ್ನ ರೂಢಿ. ಹಾಲು ಒಡೆಯಲಿಲ್ಲ, ನಳದಲ್ಲಿ ನೀರು ಬಂತು, ಮೊಣಕಾಲು ಇವತ್ತು ಅಷ್ಟು ನೋಯಲಿಲ್ಲ, ಇಂಥವೇ. ಆ ಕಾರು ಅವುಗಳಲ್ಲಿ ದಿನಾ ಬರುತ್ತಿತ್ತು. ಯಾಕೆಂದರೆ ನಾನು ಮತ್ತು ನನ್ನ ಮಗಳು ಬದುಕಿರುವುದೇ ಅದರಿಂದ.

ಅದನ್ನು ತಂದವರು ನಮ್ಮ ಮಾವನವರು. ಕೃಷ್ಣೆಗೆ ಆಣೆಕಟ್ಟು ಕಟ್ಟುವಾಗ ಅವರು ಅಲ್ಲಿನ ಕ್ಯಾಂಪಿಗೆ ಕಲ್ಲು, ಉಸುಕು ಹೊಡೆಸುತ್ತಿದ್ದರು. ಅಲ್ಲಿಗೆ ಪರದೇಶದ ಇಂಜಿನಿಯರ್ ಒಬ್ಬ ಬಂದಿದ್ದ. ಈ ಕಾರನ್ನು ಅವನು ಹಡಗಿನಲ್ಲಿ ತರಿಸಿಕೊಂಡಿದ್ದನಂತೆ. ಅವರ ದೇಶದಲ್ಲಿ ಮಂದಿ ಇಂಥ ಕಾರನ್ನು ಸಂತೆಗೆ, ಬೀಗರ ಮನೆಗೆ ಹೋಗಲು ಇಟ್ಟುಕೊಳ್ಳುವುದಿಲ್ಲ, ಬರೀ ಜೋರಾಗಿ ಓಡಿಸುವ ಸುಖಕ್ಕೆ ಇಟ್ಟುಕೊಳ್ಳುತ್ತಾರೆ. ತಿರುಗಿ ಹೋಗುವಾಗ ಅವನು ಅದನ್ನು ಮಾವನವರಿಗೆ ಬಿಟ್ಟುಹೋದ. ಎರಡೇ ಬಾಗಿಲು, ಹೊಟ್ಟೆ ನೆಲಕ್ಕೆ ತಾಗುತ್ತದೋ ಎನ್ನುವಷ್ಟು ಗಿಡ್ಡ, ಹಿಂದಕ್ಕೆ ಇಳಿಜಾರಾದ ಬೆನ್ನು, ಕುಸುಬಿ ಹೂವಿನ ಬಣ್ಣ. ಊರ ಮಂದಿ ಅದನ್ನು ನೋಡಿದ ದಿನವೇ ಕಪ್ಪಿಗಾಡಿ ಎಂದರು. ಕಪ್ಪೆ ಕೂತ ಹಾಗೆಯೇ ಇತ್ತು. ನಾನು ಮದುವೆಯಾಗಿ ಬಂದಾಗ ಅದೇ ಹೆಸರು ನಿಂತುಬಿಟ್ಟಿತ್ತು.

ಬೇರೆ ಕಾರುಗಳಿಗೆ ಮುಂದೆ ಇರುವ ಎಂಜಿನ್ ಇದಕ್ಕೆ ಹಿಂದೆ. ಮುಂದಿನ ಮುಚ್ಚಳ ತೆಗೆದರೆ ಬರೀ ಸಾಮಾನು ಇಡುವ ಜಾಗ. ಆಯುಧಪೂಜೆಯ ದಿನ ನಮ್ಮ ಅತ್ತೆ ಮುಂದಿನ ಮುಚ್ಚಳಕ್ಕೆ ವಿಭೂತಿ, ಕುಂಕುಮ ಹಚ್ಚಿ ಕಾಯಿ ಒಡೆಯುತ್ತಿದ್ದರು. ಮಾವನವರಿಗೆ ಪ್ರತಿ ವರ್ಷವೂ ನಗು.

"ನೀ ಪೂಜಿ ಮಾಡಾಕತ್ತಿದ್ದು ಪೆಟಗಿಗೆ. ಅದರ ಜೀವ ಹಿಂದ ಐತಿ."

"ಮಾರಿಗೆ ಕುಂಕುಮ ಹಚ್ತಾರ. ಕುಂಡಿಗೆ ಯಾರರ ಹಚ್ತಾರೇನು?" ಎನ್ನುತ್ತಿದ್ದರು ಅತ್ತೆ. ಅವರು ಮಾತಿನಲ್ಲಿ ಯಾರಿಗೂ ಬಾಕಿ ಉಳಿಸಿಕೊಂಡವರಲ್ಲ.

ಇನ್ನೊಂದು ವಿಶೇಷವನ್ನು ಮಾವನವರು ಬಂದವರಿಗೆಲ್ಲ ಹೇಳುತ್ತಿದ್ದರು. ಆ ಎಂಜಿನ್ನಿಗೆ ನೀರು ಹಾಕುವಂತಿಲ್ಲ. ನೀರಿನ ಡಬ್ಬಿಯೇ ಇಲ್ಲ. ಫ್ಯಾನು ಗಾಳಿ ಎಳೆದು ಎಂಜಿನ್ನಿನ ಮೇಲೆ ಬಿಡುತ್ತದೆ, ಅಷ್ಟರಿಂದಲೇ ಅದು ತಣ್ಣಗಿರಬೇಕು. "ಇದು ಗಾಳಿ ಕುಡದು ಬದುಕತೈತಿ, ಋಷಿಗಳ ಜಾತಿ" ಎನ್ನುವರು. ಕೇಳಿದವರು ತಲೆಯಾಡಿಸಿ ಹೋಗುವರು, ನಂಬುತ್ತಿರಲಿಲ್ಲ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ತಂಬಿಗೆ ನೀರು, ಹೊಲದಿಂದ ಬಂದ ಎತ್ತಿಗೆ ಮೊದಲು ನೀರು. ನೀರು ಬೇಡ ಎನ್ನುವ ಜೀವವನ್ನು ನಂಬುವುದಾದರೂ ಹೇಗೆ?

ನನಗೆ ದಿನ ತುಂಬಿದ್ದಾಗ ಬೇಸಿಗೆ. ನಮ್ಮವರಿಗೆ ಮುಳವಾಡದ ಪಂಪ್‌ಹೌಸಿನಲ್ಲಿ ಕೆಲಸ, ಆ ದಿನ ಅಲ್ಲಿಯೇ ಇದ್ದರು. ಮಧ್ಯಾಹ್ನ ನನಗೆ ಕೆಟ್ಟ ನೋವು ಎದ್ದು, ಸೂಲಗಿತ್ತಿ ಕೈ ಚೆಲ್ಲಿ, ವಿಜಾಪುರಕ್ಕೆ ಒಯ್ಯಿರಿ ಎಂದಳು. ಮಾವನವರು ಕಪ್ಪಿಗಾಡಿ ತೆಗೆದರು. ಅದರ ಹಿಂದಿನ ಸೀಟು ಮಕ್ಕಳಿಗೂ ಸಾಲದಷ್ಟು ಚಿಕ್ಕದು. ಅದರಲ್ಲಿ ನನ್ನನ್ನು ಮುದುಡಿ ಮಲಗಿಸಿದರು. ನನ್ನ ಬೆನ್ನಿಗೆ ಅಂಟಿಯೇ ಎಂಜಿನ್. ಬಾಣಲೆಯಲ್ಲಿ ಕಡಲೆ ಹುರಿದಂತೆ ಅದರ ಒಣ ಸದ್ದು, ಬೆನ್ನಿಗೆ ಅದರ ಬಿಸಿ. ನೋವು ಬಂದಾಗಲೆಲ್ಲ ನಾನು ಆ ಸದ್ದನ್ನೇ ಹಿಡಿದುಕೊಂಡಿದ್ದೆ. ಅದು ನಿಂತರೆ ನಾನೂ ನಿಂತೆ ಎಂದು ಯಾಕೋ ಅನಿಸಿಬಿಟ್ಟಿತ್ತು. ಮುಂದೆ ಕೂತಿದ್ದ ಅತ್ತೆ ಹಿಂದಕ್ಕೆ ಕೈ ಚಾಚಿ ನನ್ನ ಮುಂಗೈ ಹಿಡಿದು, ತಂಗಡಗಿಯ ಹೊಳೆ ದಂಡೆಯ ತಾಯಿಗೆ ಗಟ್ಟಿಯಾಗಿ ಹೇಳಿಕೊಂಡರು.

"ಯವ್ವಾ, ಎರಡೂ ಜೀವ ಉಳಸು. ಇದ ಗಾಡಿಯಾಗ ತಾಯಿ ಮಗಳನ್ನ ಕರಕೊಂಡು ಬಂದು ನಿನ್ನ ಉಡಿ ತುಂಬ್ತೇನಿ."

ಹುಟ್ಟುವುದು ಮಗಳೇ ಎಂದು ಅವರಿಗೆ ಹೇಗೆ ಗೊತ್ತಾಯಿತೋ, ಇವತ್ತಿಗೂ ಹೇಳಿಲ್ಲ. ಎರಡೂ ಜೀವ ಉಳಿದವು.

ಮರು ಬೇಸಿಗೆಯಲ್ಲಿ ಹರಕೆ ತೀರಿಸಲು ಹೊರಟೆವು. ಬಿಸಿಲು ಜೋರಾಗಿದೆ, ಗಾಡಿಗೆ ತ್ರಾಸಾಗಬಾರದು ಎಂದು ಮಾವನವರು ಹಿಂದಿನ ದಿನವೆಲ್ಲ ಅದರ ಹಿಂಭಾಗದಲ್ಲಿ ಕೂತು ಏನೇನೋ ಬಿಚ್ಚಿ, ಒರೆಸಿ ಸಜ್ಜು ಮಾಡಿದ್ದರು. ಆದರೂ ದಾರಿಯ ಮುದ್ದೇಬಿಹಾಳ ಇನ್ನೂ ದೂರವಿರುವಾಗಲೇ ಸುಟ್ಟ ವಾಸನೆ ಬಂತು, ಎಂಜಿನ್ ಒಮ್ಮೆ ಕೆಮ್ಮಿ ನಿಂತಿತು. ಯಾರದೋ ಹೊಲದ ಜೋಡೆತ್ತು ಕಟ್ಟಿ ಎಳೆಸಿಕೊಂಡು ಮನೆಗೆ ಬಂದೆವು. ಉಡಿ ತುಂಬಲು ಒಯ್ದಿದ್ದ ಹಸಿರು ಸೀರೆ ಪೆಟ್ಟಿಗೆಗೆ ತಿರುಗಿ ಹೋಯಿತು. ಮಾವನವರು ಆ ಕಾರನ್ನು ಮತ್ತೆ ಮುಟ್ಟಲಿಲ್ಲ. ಕೆಲವು ವರ್ಷಕ್ಕೆ ಅವರೂ ಶಿವನ ಪಾದ ಸೇರಿದರು.

ಅಲ್ಲಿಂದ ಇಲ್ಲಿಯವರೆಗೆ ಅತ್ತೆ ತಂಗಡಗಿಗೆ ಕಾಲಿಡಲಿಲ್ಲ. ಓಣಿಯವರು ಬಾಡಿಗೆಗೆ ಟ್ರ್ಯಾಕ್ಸ್ ಗಾಡಿ ಮಾಡಿಕೊಂಡು ಹೋಗುವಾಗ ಕರೆದರೆ, "ನಾ ಮಾತು ಕೊಟ್ಟಿದ್ದು ಆ ಗಾಡಿದು, ನಿಮ್ಮ ಗಾಡಿದಲ್ಲ" ಎಂದು ಬಾಗಿಲಲ್ಲೇ ಕಳಿಸುವರು.

ನಮ್ಮವರು ಪಂಪ್‌ಹೌಸಿನಿಂದ ನಿವೃತ್ತರಾಗಿ ಬಂದ ವರ್ಷ ಅತ್ತೆ ಬಚ್ಚಲಲ್ಲಿ ಜಾರಿದರು. ದೇವರ ದಯೆ, ಎಲುಬು ಮುರಿಯಲಿಲ್ಲ. ಆದರೆ ಅಂದಿನಿಂದ ಗೋಡೆ ಹಿಡಿದು ನಡೆಯತೊಡಗಿದರು. ಒಂದು ಸಂಜೆ ಮೊರದಲ್ಲಿ ಜೋಳ ಹಸನು ಮಾಡುತ್ತ, ತಲೆಯೆತ್ತದೆ ಮಗನಿಗೆ ಹೇಳಿದರು.

"ತಮ್ಮಾ, ಹರಕಿ ಹೊತಗೊಂಡು ಸಾಯಾಕ ನನಗ ಮನಸಿಲ್ಲ. ಆ ಗಾಡಿ ಎಬಸಾಕ ಆಗ್ತೈತೇನು ನೋಡು."

ಮರುದಿನ ನಮ್ಮವರು ಕೊಟ್ಟಿಗೆಗೆ ಹೋಗಿ ಕಣಿಕೆ ಇಳಿಸಿದರು.

ಇಂಡಿ ಊರಿನಲ್ಲಿ ಟ್ರ್ಯಾಕ್ಟರ್ ರಿಪೇರಿಯ ಶೆಡ್ಡು ಇಟ್ಟಿರುವ ನಮ್ಮವರ ಗೆಳೆಯರೊಬ್ಬರು ಇದ್ದಾರೆ. ಶಾಲೆಯಲ್ಲಿ ಇಬ್ಬರೂ ಒಂದೇ ಮಣೆಯ ಮೇಲೆ ಕೂತವರು. ಶುಕ್ರವಾರ ಜುಮ್ಮಾ ನಮಾಜು ಮುಗಿಸಿಕೊಂಡು ಬರುವರು, ಶನಿವಾರ ನಮ್ಮಲ್ಲೇ ಇರುವರು. ಬೇವಿನ ಮರದ ಟೊಂಗೆಗೆ ಸರಪಳಿ ಕಟ್ಟಿ, ಕಾರಿನ ಹಿಂಭಾಗ ಎತ್ತಿ, ಎಂಜಿನ್ ಕೆಳಗಿಳಿಸಿದ ದಿನ ಅವರು ಅದರ ಸುತ್ತ ಒಮ್ಮೆ ಸುತ್ತು ಹಾಕಿದರು.

"ವೈನಿ, ಇದು ಎಂಜಿನ್ ಅಲ್ಲರಿ, ಇಲಿ ಸಂಸಾರ" ಎಂದರು. ನಿಜ. ಫ್ಯಾನಿನ ಒಳಗೆ ಹತ್ತಿ, ನನ್ನದೇ ಹಳೆಯ ಕುಪ್ಪಸದ ಚಿಂದಿ, ಶೇಂಗಾ ಸಿಪ್ಪೆ.

ಅಂದಿನಿಂದ ನನ್ನ ಅಂಗಳ ಅಂಗಳವಾಗಿ ಉಳಿಯಲಿಲ್ಲ. ರೊಟ್ಟಿ ಬಡಿದು ಕೈ ತೊಳೆದವಳು ನಾನು ಡೀಸೆಲ್ ತುಂಬಿದ ಬೋಗುಣಿಯ ಮುಂದೆ ಕೂಡುತ್ತಿದ್ದೆ. ಜಂಗು ಹಿಡಿದ ನಟ್ಟು, ಬೋಲ್ಟು, ಸ್ಕ್ರೂ ಎಲ್ಲ ತೊಳೆದು, ಬಟ್ಟೆಯಲ್ಲಿ ಒರೆಸಿ, ಅವರು ಕೇಳಿದ್ದನ್ನು ಕೊಡುವ ಕೆಲಸ ನನ್ನದು. ಸಿಂದಗಿಯಲ್ಲಿ ಕನ್ನಡ ಶಾಲೆಯ ಟೀಚರ್ ಆಗಿರುವ ನನ್ನ ಮಗಳು ರವಿವಾರ ಬಂದು, ಮೊಬೈಲಿನಲ್ಲಿ ಹುಡುಕಿ, ಪುಣೆಯಿಂದ ಅದೂ ಇದೂ ತರಿಸಿಕೊಡುತ್ತಿದ್ದಳು. ಸೀಟಿನ ಹೊದಿಕೆ ಪುಡಿಯಾಗಿತ್ತು. ಅತ್ತೆ ಹಳೆಯ ಸೀರೆಗಳನ್ನು ತೆಗೆಸಿ, ಕೌದಿ ಹೊಲಿದು ಹಾಕೋಣ ಎಂದರು. ಕಣ್ಣು ಮಂಜಾದರೂ ಅವರ ಬೆರಳು ಟಾಕು ತಪ್ಪುವುದಿಲ್ಲ. ನಾನು ಸೂಜಿಗೆ ದಾರ ಪೋಣಿಸಿ ಕೊಡುವುದು, ಅವರು ಹೊಲಿಯುವುದು. ಮಾವನವರ ಧೋತರದ ಒಂದು ತುಂಡು ಚಾಲಕನ ಸೀಟಿನ ಕೌದಿಯೊಳಗೆ ಹೋಯಿತು. ಅದಕ್ಕೂ ನಾನೇ ದಾರ ಪೋಣಿಸಿ ಕೊಟ್ಟೆ.

ಚಳಿಗಾಲದ ಒಂದು ಬೆಳಗ್ಗೆ ಎಂಜಿನ್ ಹತ್ತಿತು. ಮೊದಲು ಸೀನಿತು, ಹಿಂದಿನಿಂದ ಕರ್ರನೆ ಹೊಗೆ, ಆಮೇಲೆ ಅದೇ ಕಡಲೆ ಹುರಿಯುವ ಸದ್ದು. ನಾನು ಕೈಯಲ್ಲಿ ಹಿಟ್ಟಿನ ಉಂಡೆ ಹಿಡಿದುಕೊಂಡೇ ನಿಂತೆ. ಬೆನ್ನ ಮೇಲೆ ಆ ದಿನದ ಬಿಸಿ ಬಂದು ಕೂತಂತಾಯಿತು. ಅತ್ತೆ ಗೋಡೆ ಹಿಡಿದು ಕಟ್ಟೆಗೆ ಬಂದರು. ತಲೆಯ ಮೇಲೆ ಸೆರಗು ಎಳೆದುಕೊಂಡು, "ಹೌದು, ಅದ ಐತಿ" ಎಂದಷ್ಟೇ ಹೇಳಿ ಕೂತರು.

ಒಳಗೆ ಹೋಗಿ ಪೆಟ್ಟಿಗೆಯಿಂದ ಹಸಿರು ಸೀರೆ ತೆಗೆದು ಗಾಳಿಗೆ ಹಾಕಿದೆ. ಅವಸರ ಮಾಡಿದೆನೆಂದು ಆಮೇಲೆ ತಿಳಿಯಿತು.

ಕಾರು ಅಂಗಳದಲ್ಲಿ ಚಂದ ಓಡುತ್ತಿತ್ತು. ರಸ್ತೆಗೆ ಒಯ್ದರೆ ಸ್ವಲ್ಪ ಹೊತ್ತಿಗೆ ಕಾಯ್ದು ನಿಲ್ಲುತ್ತಿತ್ತು. ಎಣ್ಣೆ ಬದಲಿಸಿದರು, ಫ್ಯಾನಿನ ಬೆಲ್ಟು ಬದಲಿಸಿದರು, ಕಾರ್ಬುರೇಟರ್ ಬಿಚ್ಚಿ ಜೋಡಿಸಿದರು. ಗಾಳಿ ಸಾಲದೇನೋ ಎಂದು ಹಿಂದಿನ ಮುಚ್ಚಳವನ್ನು ಅರ್ಧ ತೆರೆದು, ಕಟ್ಟಿಗೆಯ ತುಂಡು ಕೊಟ್ಟು ಓಡಿಸಿದರು. ಆವತ್ತು ಇನ್ನೂ ಬೇಗ ನಿಂತಿತು. ಪ್ರತಿ ಸಲವೂ ಯಾರದಾದರೂ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಮನೆಗೆ ಬರುವುದು. ಓಣಿಯ ಹೆಂಗಸರು ನನ್ನನ್ನು ನಳದ ಹತ್ತಿರ ಕೇಳುವರು, "ಏನವ್ವಾ, ಕಪ್ಪಿ ಇವತ್ತ ಎಲ್ಲಿತನ ಜಿಗೀತು?" ನಾನು ನಕ್ಕು ಕೊಡ ಎತ್ತಿಕೊಳ್ಳುತ್ತಿದ್ದೆ. ನಮ್ಮವರು ಮಾತ್ರ ನಗುತ್ತಿರಲಿಲ್ಲ. ಅವರ ಅವ್ವನ ನಡಿಗೆ ತಿಂಗಳು ತಿಂಗಳಿಗೆ ಚಿಕ್ಕದಾಗುತ್ತಿತ್ತು.

ಕಡೆಗೆ ಇಂಡಿಯ ಗೆಳೆಯರು ಬನಿಯನ್ನಿಗೆ ಕೈ ಒರೆಸಿಕೊಂಡು ಕಟ್ಟೆಯ ಮೇಲೆ ಕೂತರು.

"ದೋಸ್ತ, ಒಂದು ಮಾತ ಹೇಳಲೇನು? ನಮ್ಮ ಬಿಸಲಾಗ ಗಾಳಿ ನಂಬಿ ಬದುಕೂದು ಆಗೂದಿಲ್ಲ. ಇದನ್ನ ಇಳಿಸಿಬಿಡು. ಸಣ್ಣ ಕಾರಿಂದು ನೀರಿನ ಎಂಜಿನ್ ಒಂದು ನನ್ನ ಶೆಡ್ಡಿನ್ಯಾಗ ಐತಿ. ಕೂಡಸ್ತೇನಿ. ಹೊರಗಿಂದ ಯಾರಿಗೂ ಗೊತ್ತಾಗೂದಿಲ್ಲ."

ನಮ್ಮ ಕಡೆಯ ರೀತಿಯೇ ಅದು. ಜೀಪಿಗೆ ಪಂಪ್‌ಸೆಟ್ಟಿನ ಎಂಜಿನ್ ಕೂಡಿಸುತ್ತಾರೆ, ಕಬ್ಬಿನ ಗಾಣಕ್ಕೆ ಸ್ಕೂಟರಿನದು ಕೂಡಿಸುತ್ತಾರೆ, ಓಡುತ್ತವೆ. ನಮ್ಮವರು ಆಗಲಿ ಎನ್ನುವಂತೆ ತಲೆಯಾಡಿಸಿದರು. ಜಗಲಿಯಿಂದ ಅತ್ತೆಯ ದನಿ ಬಂತು.

"ಬ್ಯಾರೆ ಜೀವ ಹಾಕಿದ್ರ ಅದು ಬ್ಯಾರೆ ಗಾಡಿ. ನಾ ಹತ್ತೂದಿಲ್ಲ."

"ಅವ್ವಾ, ಗುಡಿಯಾಗಿನ ತಾಯಿ ಮುಚ್ಚಳ ತಗದು ನೋಡತಾಳೇನು?" ಎಂದರು ನಮ್ಮವರು.

"ಆಕಿ ನೋಡೂದಿಲ್ಲ. ನನಗ ಗೊತ್ತಿರ್ತೈತಿ."

"ಹಂಗಾದ್ರ ಹರಕಿ ಹಂಗ ಉಳೀಲೇನು?"

"ಉಳೀಲಿ ಅಂತ ನಾ ಅಂದೆನೇನು? ಅದನ್ನ ನೆಟ್ಟಗ ಮಾಡು ಅಂದೆ."

ಇಂಡಿಯವರು ನನ್ನ ಕಡೆ ನೋಡಿ, "ಅವ್ವಾರ ಎದುರು ವಕೀಲರೂ ನಿಲ್ಲೂದಿಲ್ಲ ಬಿಡ್ರಿ" ಎಂದು ಚಹಾ ಕುಡಿದು ಎದ್ದರು. ನಮ್ಮವರು ಆ ವಾರವೆಲ್ಲ ಕೊಟ್ಟಿಗೆಯ ಕಡೆ ಹೋಗಲಿಲ್ಲ. ತಾಯಿ ಮಗ ಒಂದೇ ಪಂಕ್ತಿಯಲ್ಲಿ ಕೂತು ಉಂಡರೂ ಮಾತಿಲ್ಲ. ನಡುವೆ ಕೂತು ನಾನು ಇಬ್ಬರಿಗೂ ಮಜ್ಜಿಗೆ ನೀಡುತ್ತಿದ್ದೆ. ಸಿಟ್ಟಿನಲ್ಲಿಯೂ ಇಬ್ಬರೂ ಹೊಟ್ಟೆ ತುಂಬ ಉಂಡರಲ್ಲ, ಅದನ್ನೂ ಉಪಕಾರ ಎಂದೇ ಎಣಿಸಿದೆ.

ನಮ್ಮ ಹಿತ್ತಲಲ್ಲಿ ಸ್ನಾನದ ನೀರು ಕಾಯಿಸುವ ಒಲೆ ಇದೆ. ಬಯಲು ಸೀಮೆಯ ಗಾಳಿ, ಒಮ್ಮೆ ಈ ಕಡೆಯಿಂದ ಬಂದರೆ ಒಮ್ಮೆ ಆ ಕಡೆಯಿಂದ. ಅದಕ್ಕೆ ಒಲೆಯ ಸುತ್ತ ಮರೆಗೆ ಒಂದು ಬಾಗಿದ ತಗಡು ನಿಲ್ಲಿಸುತ್ತೇವೆ. ಮಸಿ ಹಿಡಿದು ಇದ್ದಲಿನಂತಾಗಿರುವ ಆ ತಗಡು ನಾನು ಬಾಣಂತಿ ನೀರು ಹಾಕಿಸಿಕೊಳ್ಳುತ್ತಿದ್ದ ಕಾಲದಿಂದಲೂ ಅಲ್ಲೇ ಇದೆ ಎಂದುಕೊಂಡಿದ್ದೆ. ಒಂದು ಬೆಳಗ್ಗೆ ಹಂಡೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಉರಿ ಹಾಕುತ್ತಿದ್ದೆ. ಅತ್ತೆ ಬಿಸಿಗೆ ಅಂಗೈ ಹಿಡಿದು ಬದಿಯಲ್ಲಿ ಕೂತಿದ್ದರು. ನಮ್ಮವರು ಬೇವಿನ ಕಡ್ಡಿ ಬಾಯಲ್ಲಿಟ್ಟುಕೊಂಡು ನಿಂತಿದ್ದರು.

"ತಗಡು ಈ ಕಡೆ ಸರಸು, ಬೇ" ಎಂದರು ಅತ್ತೆ. "ಸಂದು ಬಿಟ್ಟಿ ನೋಡು, ಗಾಳಿ ಕಂಡಕಂಡಲ್ಲಿ ಹೊಕ್ಕು ಉರಿ ಕೆಡಸಾಕತ್ತೈತಿ. ಗಾಳಿ ಬರೂ ಹಾದಿಲೆ ಅಷ್ಟ ಬರಬೇಕು."

ಸರಿಸಲು ತಗಡಿನ ಅಂಚು ಹಿಡಿದೆ. ಅಂಚಿನ ಉದ್ದಕ್ಕೂ ಸಾಲಾಗಿ ಚಿಕ್ಕ ಚಿಕ್ಕ ತೂತು. ದಿನಾ ಮುಟ್ಟುವ ತಗಡು, ಆದರೆ ಆ ತೂತಿನ ಮೇಲೆ ನನ್ನ ಬೆರಳು ನಿಂತದ್ದು ಅವತ್ತೇ. ಯಾಕೆಂದರೆ ಕಾರಿನೊಳಗೇ ಸಿಕ್ಕು, ಡೀಸೆಲಿನಲ್ಲಿ ತೊಳೆದಿಟ್ಟ ಸ್ಕ್ರೂಗಳಲ್ಲಿ ಒಂದು ಹಿಡಿಯಷ್ಟು ಉಳಿದುಬಿಟ್ಟಿದ್ದವು. ಎಂಜಿನ್ ಪೂರ್ತಿ ಜೋಡಿಸಿದರೂ ಅವಕ್ಕೆ ಜಾಗ ಸಿಕ್ಕಿರಲಿಲ್ಲ. ಎಸೆಯಲು ಮನಸ್ಸಾಗದೆ ಖಾಲಿ ಉಪ್ಪಿನಕಾಯಿ ಭರಣಿಯಲ್ಲಿ ಹಾಕಿಟ್ಟಿದ್ದೆ. ಎದ್ದು ಹೋಗಿ ಭರಣಿ ತಂದು, ಒಂದು ಸ್ಕ್ರೂ ತೆಗೆದು, ಮಸಿ ಕೆರೆದು ತೂತಿಗೆ ಇಟ್ಟೆ. ಸರಿಯಾಗಿ ಕೂತಿತು. ಇನ್ನೊಂದನ್ನು ಇಟ್ಟೆ. ಅದೂ ಕೂತಿತು.

ನಮ್ಮವರ ಬಾಯಿಂದ ಬೇವಿನ ಕಡ್ಡಿ ಬಿತ್ತು.

"ಅವ್ವಾ, ಈ ತಗಡು ಎಲ್ಲಿದು?"

"ಗಾಡಿದು" ಎಂದರು ಅತ್ತೆ, ಬೆಳಗಾಯಿತು ಎನ್ನುವಷ್ಟು ಸರಳವಾಗಿ. "ಹರಕಿಗೆ ಹೊಂಟ ಹಿಂದಿನ ದಿನ ನಿಮ್ಮಪ್ಪ ಬಿಚ್ಚಿದ್ರು. ಪಾಪ, ಈ ಬಿಸಲಾಗ ಎಂಜಿನ್ನಿಗೆ ಮೈತುಂಬ ತಗಡು ಹೊಚ್ಚ್ಯಾರ, ಉಸಿರು ಕಟ್ಟತೈತಿ, ಗಾಳಿ ಆಡಲಿ ಅಂದ್ರು. ನನಗ ಒಲಿಗೆ ಅಡ್ಡ ಇಡಾಕ ಬೇಕಾಗಿತ್ತು, ಇಸಕೊಂಡೆ."

"ಇಷ್ಟು ದಿನ ಯಾಕ ಹೇಳಲಿಲ್ಲ?"

"ನೀವು ಎಣ್ಣಿದು ಮಾತಾಡಿದ್ರಿ, ಬೆಲ್ಟಿಂದು ಮಾತಾಡಿದ್ರಿ. ತಗಡಿಂದು ಯಾರು ಕೇಳಿದ್ರಿ?"

ನಮ್ಮವರು ಒಲೆಯ ಮುಂದೆ ಹಾಗೆಯೇ ಕೂತುಬಿಟ್ಟರು. ಆಮೇಲೆ ನನಗೂ ತಿಳಿಯುವಂತೆ ಹೇಳಿದರು. ಆ ತಗಡುಗಳು ಮುಚ್ಚಳವಲ್ಲ, ಗಾಳಿಯ ಹಾದಿ. ಫ್ಯಾನು ಎಳೆದ ತಣ್ಣನೆಯ ಗಾಳಿಯನ್ನು ಎಂಜಿನ್ನಿನ ಮೈಗೆ ಒಯ್ಯುವುದು, ಕಾಯ್ದ ಗಾಳಿ ತಿರುಗಿ ಒಳಗೆ ಬರದಂತೆ ತಡೆಯುವುದು ಅವುಗಳ ಕೆಲಸ. ಅವಿಲ್ಲದೆ ಎಂಜಿನ್ ತನ್ನದೇ ಬಿಸಿಯುಸಿರನ್ನು ತಾನೇ ಕುಡಿದು ಸಾಯುತ್ತಿತ್ತು. ಬೇಸಿಗೆಯ ಮಧ್ಯಾಹ್ನ ನಾವು ಕಿಟಕಿ ಬಾಗಿಲು ಮುಚ್ಚಿ ಮನೆಯನ್ನು ತಣ್ಣಗಿಡುತ್ತೇವೆ. ಅದು ಗೊತ್ತಿದ್ದೂ ಮಾವನವರು ಎತ್ತಿನ ಬೆನ್ನಿಗೆ ಹೊದಿಸಿದ ಜೂಲು ತೆಗೆದ ಹಾಗೆ ಅದರ ತಗಡು ತೆಗೆದಿದ್ದರು. ಕರುಣೆಯಿಂದಲೇ ಮಾಡಿದ್ದು. ನಮ್ಮವರೂ ಮೊನ್ನೆ ಹಿಂದಿನ ಮುಚ್ಚಳಕ್ಕೆ ಕಟ್ಟಿಗೆ ಕೊಟ್ಟು ಅದನ್ನೇ ಮಾಡಿದ್ದರು. "ಅಪ್ಪನ ಮಗ" ಎಂದೆ. ಆ ವಾರದಲ್ಲಿ ಅವರು ಮೊದಲ ಸಲ ನಕ್ಕರು.

ಬಿಚ್ಚಿದ ತಗಡು ಅದೊಂದೇ ಅಲ್ಲ. ಎರಡನೆಯದು ಜೋಳದ ಕೋಣೆಯಲ್ಲಿ ಇಲಿ ಬಿಲಕ್ಕೆ ಅಡ್ಡ ಇಟ್ಟದ್ದು ಸಿಕ್ಕಿತು. ಮೂರನೆಯದು ಏನಾಯಿತೆಂದು ಅತ್ತೆಗೂ ನೆನಪಿರಲಿಲ್ಲ. ಅದನ್ನು ಇಂಡಿಯವರು ಎಣ್ಣೆ ಡಬ್ಬಿಯ ತಗಡು ಕತ್ತರಿಸಿ, ಬಡಿದು, ಬಾಗಿಸಿ ತಂದರು. ಸಂದುಗಳಿಗೆ ಟ್ರ್ಯಾಕ್ಟರಿನ ಟ್ಯೂಬಿನ ಪಟ್ಟಿ ಕೊಟ್ಟರು. ಒಲೆಯ ತಗಡಿನ ಮಸಿಯನ್ನು ನಾನು ಬೂದಿ, ತೆಂಗಿನ ನಾರು ಹಾಕಿ ತಿಕ್ಕಿದೆ. ಕರಿಯ ಒಳಗಿನಿಂದ ಹಳೆಯ ಬಣ್ಣ ಕಂಡಾಗ, ತವರಿನ ಪಾತ್ರೆಯ ಮೇಲೆ ಅವ್ವನ ಹೆಸರು ಕಂಡಷ್ಟು ಸಂತೋಷವಾಯಿತು. ಭರಣಿ ಖಾಲಿಯಾಯಿತು. ಮರುದಿನ ನಮ್ಮವರು ಒಬ್ಬರೇ ಕಾರು ತೆಗೆದುಕೊಂಡು ಹೋಗಿ, ಬಿಸಿಲೇರಿದ ಮೇಲೆ, ಹಗ್ಗವಿಲ್ಲದೆ ತಿರುಗಿ ಬಂದರು.

ಸೋಮವಾರ ಹೊರಟೆವು. ಮಗಳು ರಜೆ ಹಾಕಿ ಸಿಂದಗಿಯಿಂದ ಬಂದಿದ್ದಳು. ನಮ್ಮವರ ಪಕ್ಕ ಅತ್ತೆ, ತೊಡೆಯ ಮೇಲೆ ಹಸಿರು ಸೀರೆ, ಕುಪ್ಪಸದ ಕಣ, ಕಾಯಿ, ಉತ್ತತ್ತಿ ಕಟ್ಟಿದ ಗಂಟು. ಹಿಂದಿನ ಸೀಟಿನಲ್ಲಿ ನಾನೂ ಮಗಳೂ ಕಾಲು ಮಡಚಿಕೊಂಡು ಮುದುಡಿ ಕೂತೆವು. ಬೆನ್ನಿಗೆ ಎಂಜಿನ್. ಕಾರು ಹಿಂದೆ ನಿಂತುಹೋಗಿದ್ದ ಜಾಗ ಬಂತು. ಅತ್ತೆ ಹಿಂದಕ್ಕೆ ಕೈ ಚಾಚಿದರು. ನಾನು ಕೊಟ್ಟೆ. ಮುಂಗೈ ಹಿಡಿದುಕೊಂಡರು, ಆವತ್ತಿನ ಹಾಗೆಯೇ. ಈಗ ಆ ಕೈಯಲ್ಲಿ ಎಲುಬೇ ಹೆಚ್ಚು. ಸದ್ದು ನಿಲ್ಲಲಿಲ್ಲ. ಜಾಗ ಹಿಂದೆ ಹೋಯಿತು.

"ಅವ್ವಾ, ಇಷ್ಟು ಇಕ್ಕಟ್ಟಿನ್ಯಾಗ ನೀ ಹೆಂಗ ಮಲಗಿದ್ದಿ?" ಎಂದಳು ಮಗಳು.

"ನಿನಗ ಅದಕಿಂತ ಇಕ್ಕಟ್ಟು ಇತ್ತು" ಎಂದೆ.

ಮುದ್ದೇಬಿಹಾಳ ದಾಟಿ ತಂಗಡಗಿ ಮುಟ್ಟಿದೆವು. ಹೊಳೆ ತುಂಬ ನೀರಿತ್ತು. ಉಡಿಯನ್ನು ಅತ್ತೆ ನನ್ನ ಕೈಯಿಂದ ತುಂಬಿಸಿದರು, ಮಗಳು ಸೀರೆ ಏರಿಸಿದಳು. ಇಷ್ಟು ವರ್ಷ ಪೆಟ್ಟಿಗೆಯಲ್ಲಿದ್ದು ಮಡಿಕೆಯ ಗೆರೆಗಳಲ್ಲಿ ಬಣ್ಣ ಹಾರಿದ್ದ ಸೀರೆ. ತಾಯಿಯ ಮುಂದೆ ಅದು ಹಳೆಯದಾಗಿ ಕಾಣಲಿಲ್ಲ. ಅತ್ತೆ ಕಣ್ಣು ಮುಚ್ಚಿ ನಿಂತು, ಮೆಲ್ಲಗೆ, "ತಡಾ ಆತು, ಹೊಟ್ಟ್ಯಾಗ ಹಾಕ್ಕೋ" ಎಂದರು. ಹೊರಗೆ ಬಂದ ಮೇಲೆ ತಂಬಿಗೆಯಲ್ಲಿ ಹೊಳೆಯ ನೀರು ತರಿಸಿ, ಕಾರಿನ ಮುಂದಿನ ಗಾಲಿಗೆ ಹಾಕಿದರು. ಆಮೇಲೆ ಮಗಳ ಹೆಗಲು ಹಿಡಿದು ಹಿಂದಕ್ಕೆ ನಡೆದು ಹೋಗಿ, ಹಿಂದಿನ ಮುಚ್ಚಳಕ್ಕೆ ಮೂರು ಬೆರಳಿನಿಂದ ವಿಭೂತಿ ಎಳೆದರು. "ನಿಮ್ಮ ಮಾವ ನಗತಿರಬೇಕು ಈಗ" ಎಂದರು ನನಗೆ.

ತಿರುಗಿ ಬರುವಾಗ ಅವರು ನಿದ್ದೆ ಹೋಗಿದ್ದಾರೆ ಎಂದುಕೊಂಡಿದ್ದೆ. ಮುದ್ದೇಬಿಹಾಳದ ಪೇಟೆಯ ಗದ್ದಲದಲ್ಲಿ ಕಣ್ಣು ತೆರೆದು ಮಗನ ತೋಳು ತಟ್ಟಿದರು.

"ತಮ್ಮಾ, ಹರಕಿ ತೀರಿತಲ್ಲ. ಇನ್ನ ಮನಿಗೆ ಹೋದ ಮ್ಯಾಲ ಆ ತಗಡು ಬಿಚ್ಚಿ ಕೊಡು. ಅದಿಲ್ಲದ ಒಲಿಮ್ಯಾಲ ನೀರು ಕಾಯವಲ್ದು."

ಮಗಳು ನನ್ನ ಹೆಗಲಿಗೆ ಮುಖ ಒತ್ತಿ ನಗತೊಡಗಿದಳು. ನಮ್ಮವರು ಕಬ್ಬಿಣದ ಸಾಮಾನಿನ ಅಂಗಡಿಯ ಮುಂದೆ ಕಾರು ನಿಲ್ಲಿಸಿದರು. ಎಂಜಿನ್ ಆರಿಸಲಿಲ್ಲ. ಹೊಸ ತಗಡೊಂದನ್ನು ತಂದು ಅವ್ವನ ತೊಡೆಯ ಮೇಲಿಟ್ಟರು. ಅತ್ತೆ ಅದರ ಅಂಚಿನ ಉದ್ದಕ್ಕೂ ಬೆರಳಾಡಿಸಿ ನೋಡಿದರು.

"ತೆಳ್ಳಗೈತಿ" ಎಂದರು. ಆದರೂ ಮನೆ ಮುಟ್ಟುವ ತನಕ ಅದನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೇ ಬಂದರು.